ಹಾವೇರಿಯ ಬೋರ್ಡು, ನಮ್ಮ ಕೇರಿಯ ಹುಡುಗರು



ಹಾವೇರಿ ವಿಶ್ವವಿದ್ಯಾಲಯ ಇರಬೇಕೋ ಮುಚ್ಚಬೇಕೋ ಎಂಬ ಮಾತು 2025ರ ಫೆಬ್ರುವರಿಯಲ್ಲಿ ಎದ್ದಿತು. ಪತ್ರಿಕೆಯಲ್ಲಿ ಬಂತು, ವಿಧಾನಸೌಧದಲ್ಲಿ ಬಂತು, ಹಾವೇರಿ ಬಸ್‌ಸ್ಟ್ಯಾಂಡಿನ ಚಾದಂಗಡಿಗೂ ಬಂತು. ಮಾತಾಡಿದವರಲ್ಲಿ ಮಂತ್ರಿಗಳಿದ್ದರು, ಮಾಜಿ ಮಂತ್ರಿಗಳಿದ್ದರು, ಪ್ರೊಫೆಸರುಗಳಿದ್ದರು. ತೆರೆದವರು ನಾವು ಎಂದು ಒಂದು ಪಕ್ಷ ಎದೆ ತಟ್ಟಿಕೊಂಡಿತು. ದುಡ್ಡಿಲ್ಲದೆ ಯಾಕೆ ತೆರೆದಿರಿ ಎಂದು ಇನ್ನೊಂದು ಪಕ್ಷ ಬೈಯಿತು. ಇವರಿಬ್ಬರ ನಡುವೆ ಗಳಗನಾಥ, ಹಾವನೂರು, ಗುತ್ತಲ ಕಡೆಯ ಹೊಲಗೇರಿ ಮಾದರಕೇರಿಗಳ ಹುಡುಗರು ಡಿಗ್ರಿ ಮುಗಿಸಿ ಎಲ್ಲಿ ಕೂಡ್ರಬೇಕು ಎಂದು ಕೇಳಿದವರನ್ನು ನಾವು ಕಾಣಲಿಲ್ಲ. ಕೇಳುವ ಕೆಲಸ ನಮಗೇ ಬಿದ್ದಿದೆ.

ನಡೆದದ್ದು ಇಷ್ಟು. 2022ರಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಗೆ ತಿದ್ದುಪಡಿ ಆಯಿತು. 2023ರ ಮಾರ್ಚಿನಲ್ಲಿ, ವಿಧಾನಸಭೆ ಚುನಾವಣೆ ಬಾಗಿಲಿಗೆ ಬಂದು ನಿಂತಾಗ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ, ಬೀದರ ಎಂದು ಏಳು ವಿಶ್ವವಿದ್ಯಾಲಯಗಳನ್ನು ಒಂದೇ ಏಟಿಗೆ ಉದ್ಘಾಟಿಸಿದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನಮ್ಮ ಜಿಲ್ಲೆಯ ಶಿಗ್ಗಾವಿಯಿಂದಲೇ ಆರಿಸಿ ಬಂದವರು. ನೂರಾರು ಎಕರೆ ಜಾಗ ಬೇಡ, ದೊಡ್ಡ ಕಟ್ಟಡ ಬೇಡ, ತಂತ್ರಜ್ಞಾನದ ಮೇಲೆ ನಡೆಸುತ್ತೇವೆ, ಇದೊಂದು ಹೊಸ ಮಾದರಿ ಎಂದು ಹೇಳಿದರು. ಆರಂಭಕ್ಕೆ ತಲಾ 2 ಕೋಟಿ ರೂಪಾಯಿ ಎಂದು ಪತ್ರಿಕೆಯಲ್ಲಿ ಬಂತು. ಎರಡು ಕೋಟಿಗೆ ಇವತ್ತು ಹಾವೇರಿಯಲ್ಲಿ ಒಂದು ಛಲೋ ಕಲ್ಯಾಣಮಂಟಪ ಏಳುವುದಿಲ್ಲ.

ಹಾವೇರಿಯ ಮಟ್ಟಿಗೆ ಆದದ್ದೇನು? ಕೆರಿಮತ್ತಿಹಳ್ಳಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಮೊದಲೇ ಇತ್ತು. ಅದೇ ಹಾವೇರಿ ವಿಶ್ವವಿದ್ಯಾಲಯ ಆಯಿತು. ಅವೇ ಗೋಡೆ, ಅವೇ ಬೆಂಚು, ಬೋರ್ಡು ಹೊಸದು. ಜಿಲ್ಲೆಯ ಡಿಗ್ರಿ ಕಾಲೇಜುಗಳನ್ನು ಧಾರವಾಡದಿಂದ ಬಿಡಿಸಿ ಇದಕ್ಕೆ ಕಟ್ಟಿದರು.

ಎರಡು ವರ್ಷ ಆಗುವುದರೊಳಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ ಅವರ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಕೂತು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದು ಹೇಳಿತು. ಏಳರಲ್ಲಿ ಬೀದರ ಒಂದು ಉಳಿಯಿತು, ಹಾವೇರಿ ಹೋಗುವವುಗಳ ಪಟ್ಟಿಗೆ ಸೇರಿತು. ದುಡ್ಡಿಲ್ಲ, ಜಾಗ ಇಲ್ಲ, ಹುದ್ದೆ ಇಲ್ಲ, ನಡೆಸುವುದು ಕಾರ್ಯಸಾಧ್ಯವಲ್ಲ ಎಂಬುದು ಕಾರಣ. ಗದ್ದಲ ಎದ್ದ ಮೇಲೆ ಮುಚ್ಚುವುದಲ್ಲ, ಮೂಲ ವಿಶ್ವವಿದ್ಯಾಲಯಕ್ಕೆ ಸೇರಿಸುವುದು ಎಂಬ ಮಾತೂ ಬಂತು.

ಇಲ್ಲಿ ಒಂದು ತಮಾಷೆ ನೋಡ್ರಿ. ಒಬ್ಬ ದುಡ್ಡು ಕೊಡದೆ ತೆರೆಯುತ್ತಾನೆ. ಇನ್ನೊಬ್ಬ ದುಡ್ಡಿಲ್ಲ ಅಂತ ಮುಚ್ಚಲು ಹೊರಡುತ್ತಾನೆ. ದುಡ್ಡು ಕೊಡಬೇಕಾದವರು ಇಬ್ಬರೂ ಸರಕಾರವೇ! ಮಗುವಿಗೆ ಉಣ್ಣಾಕ ಹಾಕದೆ, ಕೂಸು ಸಣಕಲಾಗೇತಿ, ಇದು ಬದುಕೂದಿಲ್ಲ ಅಂದ ಹಾಗೆ.

'ಕಾರ್ಯಸಾಧ್ಯವಲ್ಲ' ಎಂಬ ಈ ಪದವನ್ನು ನಮ್ಮ ಮಂದಿ ಹೊಸದಾಗಿ ಕೇಳುತ್ತಿಲ್ಲ. ನಮ್ಮ ಹಾವೇರಿ 1997ರ ತನಕ ಧಾರವಾಡ ಜಿಲ್ಲೆಯಲ್ಲೇ ಇತ್ತು. ಆ ಧಾರವಾಡದ ಸರಕಾರಿ ಶಾಲೆಗೆ 1856ರಲ್ಲಿ ಒಬ್ಬ ಮಹಾರ ಹುಡುಗ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಿರಲಿಲ್ಲ, ಮುಂಬಯಿ ಸರಕಾರಕ್ಕೇ ಬರೆದ. ಸರಕಾರ ಏನು ಹೇಳಿತು ಗೊತ್ತೇ? ಹುಡುಗನ ಕಡೆ ನ್ಯಾಯ ಇದೆ, ಆದರೆ ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋದಾರು, ಒಬ್ಬನಿಗಾಗಿ ಇಡೀ ಶಾಲೆ ನಿರುಪಯೋಗಿ ಆಗುವುದು ಸರಿಯಲ್ಲ ಎಂದು ಹೇಳಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಎಂದು ತತ್ವ ಹೇಳಿದರು. ತತ್ವ ಕಾಗದದ ಮೇಲೆ ಉಳಿಯಿತು. 1882ರಲ್ಲಿ ಹಂಟರ್ ಆಯೋಗ ಬಂದಾಗಲೂ ತತ್ವ ಒಪ್ಪೋಣ, ಜಾರಿಯಲ್ಲಿ ಮಾತ್ರ ಅವಸರ ಬೇಡ ಎಂಬ ರಾಗವೇ ನಡೆಯಿತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಈ ಹುಡುಗನ ಕತೆಯನ್ನು ಎತ್ತಿ ಇಟ್ಟರು. ಹುಡುಗನ ಹೆಸರು ನಮ್ಮವರ ಬಾಯಲ್ಲಿ ಉಳಿದಿಲ್ಲ, ಅವನ ಅರ್ಜಿ ಉಳಿದಿದೆ.

ಅಂದು ಬಾಗಿಲಲ್ಲಿ ಜಾತಿ ನಿಂತಿತ್ತು. ಇಂದು ಬಾಗಿಲಲ್ಲಿ ಲೆಕ್ಕಪತ್ರ ನಿಂತಿದೆ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಉಪಸಮಿತಿಯಲ್ಲಿ ಕೂತವರು ಯಾರನ್ನೂ ಮುಟ್ಟಬೇಡ ಅಂದಿಲ್ಲ. ಆದರೆ ಕೆಲವರಿಗಾಗಿ ಇಷ್ಟು ಖರ್ಚು ಯಾಕೆ ಎಂಬ ಪ್ರಶ್ನೆ ಬಂದಾಗಲೆಲ್ಲ ಆ 'ಕೆಲವರು' ಯಾವ ಕೇರಿಯವರು ಎಂದು ತೆಗೆದು ನೋಡಬೇಕಾಗುತ್ತದೆ. ಈ ಲೆಕ್ಕದಲ್ಲಿ ನಮ್ಮ ಮಕ್ಕಳು ಪ್ರತಿ ಸಲ ಶೇಷದಲ್ಲೇ ಉಳಿದಿದ್ದಾರೆ.

ಈಗ ದೂರದ ಮಾತು. ಗಳಗನಾಥದಿಂದ ಹಾವೇರಿ ಮೂವತ್ತೈದು ನಲವತ್ತು ಕಿಲೋಮೀಟರು. ಧಾರವಾಡ ನೂರಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ನಕಾಶೆ ನೋಡುವವರಿಗೆ ಇದು ಎರಡು ಬೆರಳಿನ ಅಂತರ. ನಮಗೆ ಹಾಗಲ್ಲ. ಹಾವೇರಿ ಅಂದರೆ ಬೆಳಿಗ್ಗೆ ಹೋಗಿ ಸಂಜೆ ರೊಟ್ಟಿ ತಿನ್ನಲು ಮನೆಗೆ ಬರುವ ದೂರ. ಧಾರವಾಡ ಅಂದರೆ ಖೋಲಿ ಬಾಡಿಗೆ, ಖಾನಾವಳಿ, ಬಾಡಿಗೆ ಕೊಡುವ ಮುಂಚೆ 'ನೀವು ಯಾವ ಪೈಕಿ?' ಎಂದು ಕೇಳುವ ಮಾಲೀಕ. ಹೊಲ ಇದ್ದವನಿಗೆ ಆ ದೂರ ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ. ಹೊಲ ಇಲ್ಲದವನಿಗೆ ಅದು ಒಂದು ವರ್ಷದ ಕೂಲಿ. ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ತಾಯಿ, ರಾಣೆಬೆನ್ನೂರು ಕಡೆ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ತಾಯಿ ತನ್ನ ಮಗಳನ್ನು ಧಾರವಾಡಕ್ಕೆ ಕಳಿಸಲು ಒಪ್ಪಿದರೂ ಮನೆಯ ಗಂಡಸರು ಒಪ್ಪಬೇಕು, ನೆಂಟರು ಒಪ್ಪಬೇಕು, ಕೈಯಲ್ಲಿ ರೊಕ್ಕ ಇರಬೇಕು. 'ಹಾವೇರಿ ಆದ್ರ ಹೋಗಿ ಬರ್ಲಿ' ಎಂಬ ಮಾತು ನಮ್ಮ ಕೇರಿಗಳಲ್ಲಿ ಸಿಗುತ್ತದೆ. 'ಧಾರವಾಡ ಆದ್ರೂ ಹೋಗ್ಲಿ' ಎಂಬ ಮಾತು ಅಪರೂಪ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯಿತು. ಅದನ್ನು ಮಾಡಿದ್ದೂ ಇದೇ ಸರಕಾರ. ಟಿಕೆಟ್ ಬಿಟ್ಟುಕೊಟ್ಟು ಬಸ್ಸು ಮುಟ್ಟುವ ಜಾಗವನ್ನೇ ಮುಚ್ಚುವ ವಿಚಾರ ಮಾಡಿದರೆ ಹುಡುಗಿ ಆ ಬಸ್ಸು ಹತ್ತಿ ಎಲ್ಲಿಗೆ ಹೋಗಬೇಕು?

ಇಡೀ ದೇಶದ ಲೆಕ್ಕವನ್ನೇ ತೆಗೆದುಕೊಳ್ಳಿ. ಕೇಂದ್ರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕಾಲೇಜು ವಯಸ್ಸಿನ ನೂರು ಮಂದಿಗೆ ಕಾಲೇಜು ಸೇರಿದವರ ಪ್ರಮಾಣ 28.4. ಪರಿಶಿಷ್ಟ ಜಾತಿಯಲ್ಲಿ 25.9, ಪರಿಶಿಷ್ಟ ಪಂಗಡದಲ್ಲಿ 21.2. ಇದನ್ನು 2035ರ ಹೊತ್ತಿಗೆ 50 ಮಾಡುತ್ತೇವೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆದುಕೊಂಡಿತು. ಹೊರಗೆ ಉಳಿದವರು ಯಾರು? ಜಯನಗರದ ಹುಡುಗರಲ್ಲ, ಹುಬ್ಬಳ್ಳಿ ವಿದ್ಯಾನಗರದ ಹುಡುಗರಲ್ಲ. ವರದಾ ತುಂಗಭದ್ರೆ ಕೂಡುವ ಈ ಮೂಲೆಯಂಥ ಊರುಗಳವರು. ಅವರು ಒಳಗೆ ಬರಬೇಕಾದರೆ ತರಗತಿ ಅವರ ಹತ್ತಿರ ಬರಬೇಕು.

ಆ ರಾಷ್ಟ್ರೀಯ ನೀತಿಯ ಬಗ್ಗೆಯೂ ಎರಡು ಮಾತು. ದೇಶದಲ್ಲೇ ಮೊದಲು ನಾವು ಎಂದು ಕರ್ನಾಟಕ ಅದನ್ನು 2021-22ರಲ್ಲಿ ಡಿಗ್ರಿಗೆ ತಂದಿತು. ಮೂರು ವರ್ಷದ ಡಿಗ್ರಿ ನಾಲ್ಕು ವರ್ಷ ಆಯಿತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಬೇಕಾದಾಗ ಬಿಡಬಹುದು, ಬೇಕಾದಾಗ ಬರಬಹುದು ಎಂದು ಬಣ್ಣದ ಮಾತು. ನಮ್ಮ ಮಕ್ಕಳಿಗೆ ಶಾಲೆ ಬಿಡುವ ಬಾಗಿಲು ಯಾವತ್ತು ಮುಚ್ಚಿತ್ತು ಸ್ವಾಮಿ? ಅಪ್ಪ ಜಡ್ಡಿಗೆ ಬಿದ್ದರೆ ಬಿಡುತ್ತಾರೆ, ಅಕ್ಕನ ಮದುವೆ ಸಾಲಕ್ಕೆ ಬಿಡುತ್ತಾರೆ, ಮಳೆ ಹೋದ ವರ್ಷ ಬೆಂಗಳೂರಿಗೆ ಕಾಂಕ್ರೀಟು ಹೊರಲು ಹೋಗುತ್ತಾರೆ. ಬಿಟ್ಟವನ ಕೈಗೆ ಒಂದು ಕಾಗದ ಕೊಟ್ಟು ನೀನು ಬಿಟ್ಟಿಲ್ಲ, 'ನಿರ್ಗಮಿಸಿದ್ದೀ' ಎಂದರೆ ಅವನ ಹೊಟ್ಟೆ ತುಂಬುತ್ತದೆಯೆ? ಆ ಕಾಗದಕ್ಕೆ ಕೆಲಸ ಕೊಟ್ಟವನನ್ನು ನಾವು ಕಂಡಿಲ್ಲ. ತಿರುಗಿ ಬರುವ ಬಾಗಿಲು ಬರೆಹದಲ್ಲಿ ಇತ್ತು. ಸಾಲ ತೀರಿಸಿ, ತಂಗಿಯನ್ನು ದಾಟಿಸಿ, ನಾಲ್ಕು ವರ್ಷದ ಮೇಲೆ ತಿರುಗಿ ಕಾಲೇಜಿಗೆ ಬರುವ ಕೂಲಿಕಾರನ ಮಗನನ್ನು ಆ ನೀತಿ ಬರೆದವರು ಎಲ್ಲಿ ಕಂಡರೋ ಕಾಣೆವು.

ಸರಕಾರ ಬದಲಾಯಿತು. 2024ರ ಮೇ ತಿಂಗಳಲ್ಲಿ ಆದೇಶ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಇದು ಒಳ್ಳೆಯದೇ ಆಯಿತು, ನಾಲ್ಕನೇ ವರ್ಷದ ಭಾರ ನಮ್ಮವರ ಹೆಗಲಿನಿಂದ ಇಳಿಯಿತು. ಆದರೆ 2021, 2022, 2023ರಲ್ಲಿ ಸೇರಿದ ಮೂರು ಬ್ಯಾಚುಗಳು ಒಂದು ಸಿಲಬಸ್ಸು, ಅವರ ತಮ್ಮಂದಿರು ಇನ್ನೊಂದು ಸಿಲಬಸ್ಸು. ಅಣ್ಣನ ಪುಸ್ತಕ ತಮ್ಮನಿಗೆ ಬರದಂತಾಯಿತು. ಇದು ಸಣ್ಣ ಮಾತು ಅನಿಸಬಹುದು. ಹಳೇ ಪುಸ್ತಕದಲ್ಲಿ ಓದಿದವರಿಗೆ ಇದರ ತೂಕ ಗೊತ್ತು. ರಾಜ್ಯದ್ದೇ ನೀತಿ ಮಾಡಲು 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಆಯೋಗ ನೇಮಿಸಿದರು. ಥೋರಟ್ ನಮ್ಮ ನೋವು ಬಲ್ಲವರು. ದೆಹಲಿಯ ಏಮ್ಸ್‌ನಲ್ಲಿ ದಲಿತ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು 2007ರಲ್ಲಿ ವರದಿ ಕೊಟ್ಟ ಸಮಿತಿ ಅವರದೇ. ಅವರು 2025ರ ಆಗಸ್ಟಿನಲ್ಲಿ ಅಂತಿಮ ವರದಿ ಕೊಟ್ಟರು. ಅದನ್ನು ಕಪಾಟಿನಲ್ಲಿ ಇಡದೆ ಹಳ್ಳಿಹಳ್ಳಿಯಲ್ಲಿ ಚರ್ಚೆಗೆ ತರಬೇಕು ಎಂಬುದು ನಮ್ಮ ಒತ್ತಾಯ. ಇತ್ತ 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ತಂದು, ಕುಲಪತಿ ನೇಮಕ ಯಾರ ಕೈಯಲ್ಲಿರಬೇಕು ಎಂದು ದೆಹಲಿಗೂ ಬೆಂಗಳೂರಿಗೂ ಜಗಳ ನಡೆಯಿತು. ರಾಜ್ಯದ ಹಕ್ಕು ರಾಜ್ಯಕ್ಕೆ ಇರಬೇಕು, ಸರಿ. ಆದರೆ ಕುಲಪತಿ ಕುರ್ಚಿಯಲ್ಲಿ ಇದುವರೆಗೆ ಎಷ್ಟು ಮಾದಿಗರು, ಎಷ್ಟು ಹೊಲೆಯರು ಕೂತರು ಎಂದು ಎರಡೂ ಕಡೆಯವರು ಹೇಳಲಿಲ್ಲ.

ಕುರ್ಚಿ ಬಿಡಿ, ಮೇಷ್ಟ್ರ ಮಾತಿಗೆ ಬರೋಣ. ನಮ್ಮ ಗಟ್ಟಿ ವಾದ ಇರುವುದು ಇಲ್ಲಿ. ಹುದ್ದೆ ಮಂಜೂರಾದರೆ ರೋಸ್ಟರ್ ಬರುತ್ತದೆ. ರೋಸ್ಟರ್ ಬಂದರೆ ನಮ್ಮ ಬಿಂದು ಬರುತ್ತದೆ. ಬಿಂದು ಬಂದರೆ ನಮ್ಮವನೊಬ್ಬ ಖಾಯಂ ಪ್ರಾಧ್ಯಾಪಕನಾಗಿ ಆ ತರಗತಿಯಲ್ಲಿ ನಿಲ್ಲುತ್ತಾನೆ, ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ಹುಡುಗನ ಹೆಸರು ಹಿಡಿದು ಕರೆಯುತ್ತಾನೆ. ಹುದ್ದೆಯೇ ಇಲ್ಲದ ವಿಶ್ವವಿದ್ಯಾಲಯ ಎಂದರೆ ರೋಸ್ಟರೇ ಇಲ್ಲದ ವಿಶ್ವವಿದ್ಯಾಲಯ. 2022ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾತಿ 15ರಿಂದ 17, ಪಂಗಡಕ್ಕೆ 3ರಿಂದ 7 ಮಾಡಿದರು, ಡೋಲು ಬಾರಿಸಿದರು. 2025ರ ಆಗಸ್ಟಿನಲ್ಲಿ ಒಳಮೀಸಲಾತಿಗೆ ಆರು, ಆರು, ಐದು ಎಂದು ಸಂಪುಟ ಒಪ್ಪಿತು. ಮೂವತ್ತು ವರ್ಷ ಬೀದಿಯಲ್ಲಿ ಕೂಗಿದ್ದರ ಫಲ ಅದು. ಆದರೆ ಸೊನ್ನೆಯಲ್ಲಿ ಹದಿನೇಳು ಪರ್ಸೆಂಟು ಎಷ್ಟು? ಸೊನ್ನೆಯನ್ನು ಆರು ಆರು ಐದು ಎಂದು ಹಂಚಿದರೆ ಯಾರ ಪಾಲಿಗೆ ಎಷ್ಟು? ನಾವು ಒಳಗೊಳಗೇ ಪಾಲಿಗಾಗಿ ಕಿತ್ತಾಡುವಾಗ ಬುಟ್ಟಿಯಲ್ಲಿ ರೊಟ್ಟಿಯೇ ಇಲ್ಲ.

ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಮಿಕ್ಕಿದ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಡೆದು ಬಂದಿವೆ. ಅತಿಥಿ ಎಂಬುದು ಎಂಥ ಕುಚೋದ್ಯದ ಪದ! ಹದಿನೈದು ವರ್ಷ ಪಾಠ ಹೇಳಿದವನೂ ಅತಿಥಿ, ರಜೆ ಬಂದರೆ ಮನೆಗೆ ನಡೆ. 2023ರ ಕೊನೆಗೆ ಅವರು ವಾರಗಟ್ಟಲೆ ತರಗತಿ ಬಿಟ್ಟು ಬೀದಿಗೆ ಇಳಿದರು. ಅವರಲ್ಲಿ ನಮ್ಮ ಹುಡುಗರೂ ಹೆಚ್ಚಾಗಿದ್ದಾರೆ, ಎಂ.ಎ. ಮಾಡಿ, ನೆಟ್ ಪಾಸು ಮಾಡಿ, ಪಿಎಚ್.ಡಿ. ಮುಗಿಸಿ ಕೂದಲು ನರೆತವರು. ಹೊಸ ವಿಶ್ವವಿದ್ಯಾಲಯ ಬಂದಾಗ ಇವರು ಕನಸು ಕಂಡದ್ದು ಖಾಯಂ ಕೆಲಸದ್ದು. ಅದಕ್ಕೇ ನಾವು ಹೇಳುವುದು, ಬೋರ್ಡಿನ ಜಗಳದಲ್ಲಿ ನಮಗೆ ಆಸಕ್ತಿ ಕಡಿಮೆ.

ಹಾಗಾದರೆ ದುಡ್ಡು ಎಲ್ಲಿಂದ ತರೋಣ ಎಂದು ಮಂತ್ರಿಗಳು ಕೇಳಬಹುದು. ನಮ್ಮ ಹೆಸರಿನ ದುಡ್ಡು ಎಲ್ಲಿ ಹೋಗುತ್ತದೆ ಎಂದು ನಾವು ಮೊದಲು ಕೇಳುತ್ತೇವೆ. 2013ರಲ್ಲಿ ಬಂದ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯಿದೆ ಹೋರಾಟದಿಂದ ಸಿಕ್ಕಿದ್ದು. ಜನಸಂಖ್ಯೆಗೆ ತಕ್ಕ ಪಾಲು, 24.1 ಪರ್ಸೆಂಟು, ಪರಿಶಿಷ್ಟರ ಏಳಿಗೆಗೆ ಎಂದು ಅದು ಹೇಳುತ್ತದೆ. ಅದೇ ಹಣದಲ್ಲಿ 2023-24ರಲ್ಲಿ 11,144 ಕೋಟಿ, 2024-25ರಲ್ಲಿ 14,282 ಕೋಟಿ ರೂಪಾಯಿಗಳನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಗ್ಯಾರಂಟಿಗೆ ನಮ್ಮ ವಿರೋಧ ಇಲ್ಲ. ಆ ಎರಡು ಸಾವಿರದಿಂದ ನಮ್ಮ ತಾಯಂದಿರು ಹುಡುಗರ ಫೀಜು ಕಟ್ಟಿದ್ದನ್ನು ನಾವು ಬಲ್ಲೆವು. ಆದರೆ ಎಲ್ಲರಿಗೂ ಕೊಡುವ ಯೋಜನೆಯಲ್ಲಿ ನಮ್ಮ ಪಾಲನ್ನು ನಮ್ಮ ಗಂಟಿನಿಂದಲೇ ಬಿಚ್ಚಿ ಕೊಟ್ಟರೆ ಅದು ಕೊಟ್ಟಂತಾಗುವುದು ಹೇಗೆ? ಗೌಡರ ಮನೆಗೆ ಬೊಕ್ಕಸದಿಂದ, ಕೇರಿಗೆ ಕೇರಿಯ ಗಂಟಿನಿಂದ! ಈ ಸಾವಿರಾರು ಕೋಟಿಯಲ್ಲಿ ಒಂದು ಚೂರು ಸಾಕಾಗಿತ್ತು, ಕೆರಿಮತ್ತಿಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಒಂದು, ಗಂಡುಮಕ್ಕಳಿಗೆ ಒಂದು ದೊಡ್ಡ ಹಾಸ್ಟೆಲು ಎದ್ದು ನಿಲ್ಲುತ್ತಿತ್ತು.

ಹಾಸ್ಟೆಲಿನ ಮಾತು ನಾವು ಮತ್ತೆ ಮತ್ತೆ ಎತ್ತುತ್ತೇವೆ, ಓದುಗರು ಬೇಸರ ಮಾಡಿಕೊಳ್ಳಬಾರದು. ಬಾಬಾಸಾಹೇಬರು 1920ರ ದಶಕದ ಕೊನೆಗೆ ಮುಂಬಯಿ ಪ್ರಾಂತದಲ್ಲಿ ನಮ್ಮ ಹುಡುಗರಿಗೆ ಹಾಸ್ಟೆಲು ತೆರೆಯಲು ಹೊರಟಾಗ ಆರಿಸಿದ ಊರುಗಳಲ್ಲಿ ಧಾರವಾಡವೂ ಒಂದು. ಮಹಾರ ಹುಡುಗನನ್ನು ಹೊರಗೆ ನಿಲ್ಲಿಸಿದ ಊರದು. ಶಾಲೆಯ ಬಾಗಿಲು ತೆರೆದರೆ ಸಾಲದು, ರಾತ್ರಿ ಮಲಗಲು ಒಂದು ಸೂರು, ಒಂದು ತಟ್ಟೆ ಅನ್ನ ಇಲ್ಲದೆ ನಮ್ಮ ಹುಡುಗ ಓದಲಾರ ಎಂದು ಅವರು ತಿಳಿದಿದ್ದರು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದಾಗ ಏಟು ತಿಂದವರು ಹಾಸ್ಟೆಲಿನ ಹುಡುಗರೇ, ಆಮೇಲೆ ಚಳವಳಿ ಕಟ್ಟಿದವರಲ್ಲೂ ಹಾಸ್ಟೆಲಿನ ಅನ್ನ ಉಂಡವರೇ ಹೆಚ್ಚು. ಈ ಪತ್ರಿಕೆ ಕೈಯಲ್ಲಿ ಹಿಡಿದವರಲ್ಲಿ ಎಷ್ಟೋ ಮಂದಿ ಆ ಅನ್ನದವರು.

ವಿದ್ಯಾರ್ಥಿವೇತನದ್ದು ಇನ್ನೊಂದು ಕತೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಐದು ವರ್ಷದ ಹಣ ಒಪ್ಪಿ, ಕೇಂದ್ರ ಅರವತ್ತು ರಾಜ್ಯ ನಲವತ್ತು ಎಂದು ಪಾಲು ಮಾಡಿತು. ಮರುವರ್ಷದ ನಿಯಮದಲ್ಲೂ ಆದಾಯದ ಮಿತಿ ಎರಡೂವರೆ ಲಕ್ಷವೇ ಉಳಿಯಿತು. ಪೌರಕಾರ್ಮಿಕಳಾದ ತಾಯಿಯ ಕೆಲಸ ಖಾಯಂ ಆದರೆ ಮಗನ ವೇತನ ಹೋಗುತ್ತದೆ. ಮೇಲೆ ಹತ್ತಲು ಒಂದು ಮೆಟ್ಟಿಲು ಸಿಕ್ಕರೆ ಕೆಳಗಿನದನ್ನು ಕಿತ್ತುಕೊಳ್ಳುವುದು. ಬರುವ ಹಣವೂ ವರ್ಷ ಮುಗಿಯುವ ಹೊತ್ತಿಗೆ ಬರುತ್ತದೆ. ಆಧಾರ್ ಜೋಡಣೆ, ಜಾತಿ ಪತ್ರ, ಆದಾಯ ಪತ್ರ, ಎಸ್‌ಎಸ್‌ಪಿ ಪೋರ್ಟಲ್ಲು, ಸರ್ವರ್ ಇಲ್ಲ ನಾಳೆ ಬಾ. ಈ ಭಾಗದ ಒಂದು ಕಾಲೇಜಿನಲ್ಲಿ ವೇತನ ಬಂದಿಲ್ಲ, ಫೀಜು ತುಂಬಿಲ್ಲ ಎಂದು ನಮ್ಮ ಹುಡುಗನ ಅಂಕಪಟ್ಟಿ ಹಿಡಿದಿಟ್ಟರು. ಸರಕಾರದ ಸಾಲಕ್ಕೆ ಹುಡುಗನನ್ನು ಒತ್ತೆ ಇಟ್ಟುಕೊಂಡ ಹಾಗೆ. ಹೈದರಾಬಾದಿನಲ್ಲಿ ರೋಹಿತ್ ವೇಮುಲಾಗೂ ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ನಿಂತಿತ್ತು, 2016ರ ಜನವರಿ 17ರಂದು ಅವನನ್ನು ಕಳೆದುಕೊಂಡೆವು. ಅವನ ಹೆಸರಿನಲ್ಲಿ ಕರ್ನಾಟಕದಲ್ಲಿ ಕಾಯಿದೆ ಬರಬೇಕು ಎಂದು 2025ರಲ್ಲಿ ಕರಡು ತಯಾರಾಯಿತು. ಕಾಯಿದೆಯ ಜೊತೆಗೆ ವೇತನ ತಿಂಗಳ ಮೊದಲ ವಾರ ಕೈಗೆ ಬರಲಿ.

ನಡುವೆ ಒಂದು ಮಾತು. ಗಳಗನಾಥ ಎಂದರೆ ಓದಿದವರಿಗೆ ಮೊದಲು ನೆನಪಾಗುವುದು ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು. ಊರ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು, ಪುಸ್ತಕದ ಗಂಟು ಹೊತ್ತು ಮಾರಿದರು ಎಂದು ಹೇಳುತ್ತಾರೆ. ದೊಡ್ಡ ಕೆಲಸ, ಗೌರವ ಇದೆ. ಆದರೆ ಆ ಗಂಟು ನಮ್ಮ ಕೇರಿಗೆ ಬಂದಿದ್ದರೂ ಬಿಚ್ಚಿ ಓದುವವರು ಆಗ ಇರಲಿಲ್ಲ, ಓದಲು ಬಿಟ್ಟಿರಲಿಲ್ಲ. ಇದೇ ನೆಲದ ಇನ್ನೊಂದು ಹೆಸರು ನಮಗೆ ಹೆಚ್ಚು ಹತ್ತಿರ. ರಾಣೆಬೆನ್ನೂರಿನಲ್ಲಿ ಹುಟ್ಟಿದ ವಕೀಲ ಎಲ್.ಜಿ. ಹಾವನೂರರು. 1972ರಲ್ಲಿ ದೇವರಾಜ ಅರಸರು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು, 1975ರಲ್ಲಿ ವರದಿ ಕೊಟ್ಟರು. ಅವರು ಮಾಡಿದ್ದು ಏನು? ಎಣಿಸಿದರು. ಯಾವ ಜಾತಿಯ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದರು, ಯಾವ ಜಾತಿಯ ಎಷ್ಟು ಮಂದಿ ಸರಕಾರಿ ನೌಕರಿಯಲ್ಲಿದ್ದಾರೆ ಎಂದು ಎಣಿಸಿದರು. ಎಣಿಸಿದ್ದಕ್ಕೇ ಮೇಲ್ಜಾತಿಯವರಿಗೆ ಸಿಟ್ಟು ಬಂತು.

ನಾವೂ ಎಣಿಸಿ ಎನ್ನುತ್ತೇವೆ. ಉಪಸಮಿತಿ ಎಕರೆ ಎಣಿಸಿತು, ಕೋಟಿ ಎಣಿಸಿತು. ಕೆರಿಮತ್ತಿಹಳ್ಳಿಯ ಬೆಂಚಿನ ಮೇಲೆ ಕೂತವರು ಯಾರು, ಎಷ್ಟು ಹೆಣ್ಣು, ಎಷ್ಟು ಗಂಡು, ಎಷ್ಟು ಮಾದಿಗರು, ಹೊಲೆಯರು, ಲಂಬಾಣಿಗಳು, ವಡ್ಡರು, ಬೇಡರು, ಕುರುಬರು, ಎಷ್ಟು ಮಂದಿ ಮನೆಯಲ್ಲಿ ಮೊದಲ ಬಾರಿಗೆ ಎಂ.ಎ. ಮೆಟ್ಟಿಲು ಹತ್ತಿದವರು, ಅವರಲ್ಲಿ ಎಷ್ಟು ಮಂದಿ ಧಾರವಾಡಕ್ಕೆ ಹೋಗಲಾರರು, ಈ ಪಟ್ಟಿಯನ್ನು ಮೊದಲು ಬಹಿರಂಗ ಮಾಡಲಿ. ಆಮೇಲೆ ಲಾಭನಷ್ಟದ ಮಾತು.

ಬಡ ವಿಶ್ವವಿದ್ಯಾಲಯದ ಡಿಗ್ರಿಗೆ ಬೆಲೆ ಇಲ್ಲ, ಅದಕ್ಕಿಂತ ಧಾರವಾಡದ ಹೆಸರೇ ಮೇಲು ಎಂದು ನಮ್ಮ ಪೈಕಿಯೇ ಕೆಲವು ಓದಿದ ಗೆಳೆಯರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿಗೆ ತೂಕ ಇದೆ, ನೌಕರಿ ಸಂದರ್ಶನದಲ್ಲಿ ಆ ತೂಕ ಕೆಲಸ ಮಾಡುತ್ತದೆ. ಮೂರು ಕೋಣೆಯಲ್ಲಿ ಆರು ವಿಭಾಗ ನಡೆಸಿ ವಿಶ್ವವಿದ್ಯಾಲಯ ಎಂದರೆ ನಮ್ಮ ಮಕ್ಕಳಿಗೆ ಎರಡನೇ ದರ್ಜೆಯ ಮಾಲು ಕೊಟ್ಟಂತೆ. ನಮ್ಮ ಜಿಲ್ಲೆಯಲ್ಲೇ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಹಲಗೆ ನಮ್ಮದು, ಸನಾದಿ ನಮ್ಮದು, ಪದ ಕಟ್ಟಿದವರು ನಮ್ಮ ಅಜ್ಜಿಯರು. ಬಾರಿಸಿದ ಕೈಗೆ ಅಲ್ಲಿ ಎಷ್ಟು ಖಾಯಂ ಹುದ್ದೆ ಸಿಕ್ಕವು ಎಂದು ಕೇಳಿದರೆ ಉತ್ತರ ಬೇಗ ಬರುವುದಿಲ್ಲ. ಆದ್ದರಿಂದ ಬೋರ್ಡು ಕಂಡು ಕುಣಿಯುವವರು ನಾವಲ್ಲ.

ನಮ್ಮ ನಿಲುವು ಹೀಗಿದೆ. ಹಾವೇರಿ ವಿಶ್ವವಿದ್ಯಾಲಯ ಎಂಬ ಹೆಸರು ಇರಲಿ, ಧಾರವಾಡಕ್ಕೆ ಸೇರಲಿ, ಅದಕ್ಕೆ ನಾವು ಪ್ರಾಣ ಕೊಡುವುದಿಲ್ಲ. ಆದರೆ ಕೆರಿಮತ್ತಿಹಳ್ಳಿಯ ಒಂದು ತರಗತಿಯೂ ಮುಚ್ಚಬಾರದು, ಒಂದು ಸೀಟೂ ಕಡಿಮೆ ಆಗಬಾರದು. ಸೇರಿಸುವುದೇ ಆದರೆ ಈಗಿರುವ ಎಲ್ಲ ವಿಭಾಗಗಳೂ ಅಲ್ಲೇ ನಡೆಯುತ್ತವೆ ಎಂದು ಆದೇಶದಲ್ಲಿ ಬರೆಯಬೇಕು, ಭಾಷಣದಲ್ಲಿ ಅಲ್ಲ. ಪ್ರತಿ ವಿಭಾಗಕ್ಕೂ ಖಾಯಂ ಹುದ್ದೆ ಮಂಜೂರು ಮಾಡಿ ರೋಸ್ಟರ್ ಹಾಕಬೇಕು. ಹಾಸ್ಟೆಲು ಎಸ್‌ಸಿಎಸ್‌ಪಿ ಹಣದಲ್ಲೇ ಆಗಲಿ, ಅದು ಅದಕ್ಕಾಗಿಯೇ ಇರುವ ಹಣ. ಗಳಗನಾಥ, ಹಾವನೂರು ಕಡೆಯಿಂದ ಗುತ್ತಲ ಹಾದು ಹಾವೇರಿಗೆ ತರಗತಿ ಹೊತ್ತಿಗೆ ಮುಟ್ಟುವ, ಸಂಜೆ ತಿರುಗಿ ಬಿಡುವ ಬಸ್ಸು ಬೇಕು. ವಾಯವ್ಯ ಸಾರಿಗೆಯವರು ಪುಕ್ಕಟೆ ಹೆಂಗಸರು ಹೆಚ್ಚಾದರು ಎಂದು ಹಳ್ಳಿಯಲ್ಲಿ ಬಸ್ಸು ನಿಲ್ಲಿಸದೆ ಹೋಗುವುದನ್ನೂ ನಿಲ್ಲಿಸಬೇಕು.

ಇದನ್ನು ಮನವಿಯಾಗಿ ಬರೆದು ಜಿಲ್ಲಾಧಿಕಾರಿಗಳ ಮೂಲಕ ಸರಕಾರಕ್ಕೆ ಕಳಿಸುವುದಿದೆ. ಸಹಿ ಮಾಡುವವರು ಬರೀ ಹೆಸರು ಬರೆಯಬೇಡಿ. ಊರು, ಕೇರಿ, ಮನೆಯಲ್ಲಿ ಓದುವ ಹುಡುಗ ಹುಡುಗಿಯರು ಎಷ್ಟು, ಯಾವ ತರಗತಿಗೆ ಓದು ನಿಂತಿತು, ಯಾಕೆ ನಿಂತಿತು ಎಂದು ಒಂದು ಸಾಲು ಬರೆಯಿರಿ. ಬರೆಯಲು ಬಾರದವರು ಹೇಳಿ, ನಮ್ಮ ಹುಡುಗರು ಬರೆದುಕೊಳ್ಳುತ್ತಾರೆ. ಸ್ಕಾಲರ್‌ಶಿಪ್ ಬಾಕಿ ಇದ್ದವರು ಅರ್ಜಿ ನಂಬರು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು ಮುಂದಿನ ಸಭೆಗೆ ತರಬೇಕು. ಗುತ್ತಲ ಹೋಬಳಿಯ ಊರುಗಳಿಂದ ಆರಂಭ ಮಾಡುತ್ತೇವೆ, ಆಮೇಲೆ ಬ್ಯಾಡಗಿ, ರಾಣೆಬೆನ್ನೂರು.